ಲೆಕ್ಕ ನಿಂತ ಜಾಗ

ಒಡ್ಡು ಕುಸಿದದ್ದು ಶಿವಪ್ಪನ ತಪ್ಪಿನಿಂದಲ್ಲ, ನನ್ನ ಸುಳ್ಳಿನಿಂದ. ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತು — ನಾಲಿಗೆ ಇತ್ತು, ಬೆನ್ನೆಲುಬು ಇರಲಿಲ್ಲ.

ಎಪ್ಪತ್ತರ ದಶಕದ ಕೊನೆ. ಹಿರೇಬೆಂಡಿಗೇರಿ ಕಡೆ ಒಂದು ಕೆರೆಗೆ ಎರೆಮಣ್ಣಿನ ಒಡ್ಡು ಕಟ್ಟುತ್ತಿದ್ದೆವು. ನೀರು ಕುಡಿದ ಮಣ್ಣು ಎಷ್ಟು ಜರುಗೀತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಸವಣೂರಿನ ಪಂಡಿತರ ಮನೆತನ, ಮೇಲೆ ಹೊಸ ಡಿಗ್ರಿ — ಸೊಕ್ಕಿಗೆ ಇಷ್ಟು ಸಾಕಿತ್ತು. ಆಯುಧಪೂಜೆಗೆ ಆಫೀಸಿನ ದೊಡ್ಡವರು ನನ್ನ ಲೆಕ್ಕದ ಕಾಗದಗಳಿಗೂ ಕುಂಕುಮ ಹಚ್ಚಿದರು. ಒಳಗೇನಿದೆ ಎಂದು ಒಬ್ಬನೂ ಕೇಳಲಿಲ್ಲ. ದಡ್ಡರು ಎಂದು ನಕ್ಕೆ. ಒಳಗೆ ಸುಳ್ಳಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು — ಯಾರು ಹೆಚ್ಚು ಹೊಲಸು?

ಒಡ್ಡಿನ ನಕ್ಷೆಯನ್ನು ಬಲೆಯಂತೆ ಚೌಕ ಚೌಕವಾಗಿ ಹೆಣೆದು, ಲೆಕ್ಕದಲ್ಲೇ ನೀರು ಏರಿಸುತ್ತ, ಪ್ರತಿ ಚೌಕ ಎಷ್ಟು ಸರಿಯಿತೆಂದು ನೋಡಬೇಕು. ಸ್ವಲ್ಪ ಸರಿದರೆ ಚೌಕ ತಾಳಿಕೊಳ್ಳುತ್ತದೆ. ಬಹಳ ಸರಿದರೆ ತಿರುಚಿ ಒಳಹೊರಗಾಗುತ್ತದೆ, ಕಂಪ್ಯೂಟರ್ ನಿಂತುಬಿಡುತ್ತದೆ. ಆಗ ಜರುಗಿದ ಆಕಾರದ ಮೇಲೆ ಹೊಸ ಚೌಕ ಬರೆದು ಮುಂದುವರಿಸಬೇಕು — ಕಂಪ್ಯೂಟರಿಗೆ ಅಂಕಿ ಉಣಿಸುವ ಕಾರ್ಡುಗಳಿಗೆಲ್ಲ ಮತ್ತೆ ತೂತು ಹೊಡೆಸಬೇಕು, ಮೊದಲ ಹೆಣಿಗೆ ಸಾಲಲಿಲ್ಲವೆಂದು ಎಲ್ಲರೆದುರು ಒಪ್ಪಬೇಕು. ನಾನು ಒಪ್ಪುವುದೆ? ಲೆಕ್ಕ ನಿಲ್ಲುವ ಮುಂಚಿನ ಅಂಕಿಯನ್ನೇ ಕೊನೆಯದೆಂದು ಬರೆದೆ: ಒಂದು ಗೇಣು ಜರುಗಿ ಒಡ್ಡು ನಿಲ್ಲುತ್ತದೆ. ಮಣ್ಣು ಇನ್ನೂ ಸರಿಯುವುದಿದೆ ಎಂದು ನನಗೆ ಗೊತ್ತಿತ್ತು.

ಶಿವಪ್ಪ ಅಬಲೂರಿನ ಒಕ್ಕಲುಮನೆತನದವನು. ಮಣ್ಣು ಹಾಕಿಸಿ ರೋಲರ್ ಹೊಡೆಸುವ ಕಿರಿಯ ಇಂಜಿನಿಯರ್. "ನಿಮ್ಮ ಲೆಕ್ಕ ಐತಲ್ರಿ, ನಮಗ್ಯಾತರ ಚಿಂತಿ" ಎನ್ನುತ್ತಿದ್ದ.

ಮೊದಲ ಮಳೆಗಾಲಕ್ಕೇ ಒಡ್ಡು ಕುಸಿಯಿತು. ಯಾರೂ ಸಾಯಲಿಲ್ಲ, ಕೆಳಗಿನ ಹೊಲಗಳೆಲ್ಲ ರಾಡಿ. ವಿಚಾರಣೆಯಲ್ಲಿ ನಾನೇ ಎದ್ದು ನಿಂತು ಹೇಳಿದೆ:

"ಲೆಕ್ಕ ಸರಿ ಅದ. ರೋಲರ್ ಸರಿ ಹೊಡಿಸಿಲ್ಲ."

ಕಾಗದಕ್ಕೆ ಕುಂಕುಮ ಹಚ್ಚಿದವರ ತಲೆಗಳೆಲ್ಲ ಹೌದೆಂದು ಆಡಿದವು. ಶಿವಪ್ಪ ನನ್ನ ಮುಖ ನೋಡಿದ, ಆಮೇಲೆ ತನ್ನ ಕೈ ನೋಡಿಕೊಂಡ. ಅವನ ಕೆಲಸ ಹೋಯಿತು, ನನಗೆ ಬಡ್ತಿ ಬಂತು.

ಹೋದ ವಾರ ಅಬಲೂರಿಗೆ ಹೋದೆ. "ಬರ್ರಿ, ಕುಂದರ್ರಿ" ಅಂದ ಶಿವಪ್ಪ. ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ — ಬೈಸಿಕೊಂಡು ಹಗುರಾಗಿ ಬಸ್ಸು ಹತ್ತುವ ಆಸೆ. ಅಲ್ಲಿಯೂ ನನ್ನ ಲಾಭವೇ.

"ನಿಮ್ಮ ಲೆಕ್ಕ ತಪ್ಪೂದಿಲ್ಲ ಅಂತ ನಂಬಿದ್ದೆ," ಅಂದ. "ಅದಕ್ಕ ನಾನ ಎಲ್ಲೋ ತಪ್ಪೇನಿ ಅಂತ ತಿಳಕೊಂಡಿದ್ದೆ ನೋಡ್ರಿ, ಇವತ್ತಿನ ತನಕ."

ನಾನು ಕದ್ದದ್ದು ಅವನ ನೌಕರಿ ಮಾತ್ರ ಎಂದುಕೊಂಡಿದ್ದೆ.

ಅವನು ಹೆಂಡತಿಯನ್ನು ಕರೆದ. ಆಕೆಯ ತವರು ಹಿರೇಬೆಂಡಿಗೇರಿಯೇ. ಒಡ್ಡು ಕೆಡವಿದವನ ಹೆಂಡತಿ ಎಂದು ಆಡಿಕೊಂಡದ್ದಕ್ಕೆ ತವರಿಗೆ ಹೋಗುವುದನ್ನೇ ಬಿಟ್ಟಿದ್ದಳಂತೆ. ಆಕೆಯ ಮುಂದೆಯೂ ಹೇಳಿದೆ. ಆಕೆ ಅಳಲಿಲ್ಲ, ಬೈಯಲಿಲ್ಲ.

"ನಮ್ಮೂರಾಗ ಯಾವಾಗ ಹೇಳ್ತೀರಿ?" ಎಂದಳು.

ಸೋಮವಾರ ಹಿರೇಬೆಂಡಿಗೇರಿಗೆ ಹೋಗುತ್ತೇನೆ. ಆಕೆಯೂ ಬರುತ್ತಾಳೆ.