ಬಾಲ್ಕನಿಯಲ್ಲಿ ಕೂಗಿ ನೋಡಿದ ಹೆಸರುಗಳು

ಜಪಾನಿನ ಇಚಿಕಾವಾಕ್ಕೆ ಬಂದ ಮೇಲೆ ನನ್ನ ಹೆಸರಿಗೆ ಕೆಲಸವೇ ಇಲ್ಲದಂತಾಯಿತು. ಕ್ಲಿನಿಕ್ಕಿನಲ್ಲಿ ಗಂಡನ ಮನೆತನದ ಹೆಸರಿಗೆ ಗೌರವದ 'ಸಾನ್' ಸೇರಿಸಿ ಕರೆಯುತ್ತಿದ್ದರು, ಪಾರ್ಸೆಲ್ ತರುವವನೂ ಹಾಗೇ. ಹುಬ್ಬಳ್ಳಿಯಲ್ಲಿರುವ ಅಮ್ಮನಿಗೆ ನಾನು ಇವತ್ತಿಗೂ 'ಪುಟ್ಟಿ'. ಗಂಡನಂತೂ ಮೊದಲಿಂದ 'ಏನೇ, ಕೇಳಿಸ್ತಾ' ಗಿರಾಕಿ. ಬೆಳಿಗ್ಗೆ ಟೊಯೊಸುವಿನ ಆಫೀಸಿಗೆ ಹೋದವನು ಮಗು ಮಲಗಿದ ಮೇಲೇ ಮನೆಗೆ ಬರುತ್ತಿದ್ದ. ನಡುವೆ ಇಡೀ ದಿನ ನನ್ನನ್ನು ಯಾರೂ ಏನೆಂದೂ ಕರೆಯುತ್ತಿರಲಿಲ್ಲ. ಸಂಜೆ ಬೀದಿ ತುದಿಯ ಕೊಂಬಿನಿ ಅಂಗಡಿಗೆ ಹೋಗಿ ಹಾಲು ತಗೊಂಡು, ಥ್ಯಾಂಕ್ಸ್ ಅನ್ನಲು 'ಅರಿಗಾತೋ' ಅಂದರೆ ಅದೇ ಆ ದಿನದ ನನ್ನ ಮೊದಲ ಮಾತು.

ಪಕ್ಕದ ಮನೆಯಲ್ಲಿ ವೇಲ್ಸ್ ದೇಶದ ವಯಸ್ಸಾದ ಹೆಂಗಸೊಬ್ಬರಿದ್ದರು. ಹರೆಯದಲ್ಲಿ ಜಪಾನಿನವರನ್ನು ಮದುವೆಯಾಗಿ ಬಂದವರು ಇಲ್ಲಿಯೇ ಉಳಿದುಬಿಟ್ಟಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿಲ್ಲ. ನಮ್ಮಿಬ್ಬರ ಬಾಲ್ಕನಿಗಳ ನಡುವೆ ಇದ್ದದ್ದು ಒಂದು ತೆಳು ಹಲಗೆ. ನನ್ನ ಬಾಣಂತನಕ್ಕೆ ಬರಬೇಕಿದ್ದ ಅಮ್ಮ ಮಂಡಿ ಆಪರೇಷನ್ ಆಗಿ ಅಲ್ಲೇ ಉಳಿದಳು. ನಾನೊಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತಾ ಅಳುತ್ತಿದ್ದದ್ದು ಆ ಹಲಗೆ ದಾಟಿ ಕೇಳಿಸಿತೋ ಏನೋ, ಈ ಆಂಟಿ ಬಂದು ಬೆಲ್ ಒತ್ತಿದರು. 'ಮಗುವನ್ನು ಕೊಡು, ಹೋಗಿ ತಲೆಗೆ ನೀರು ಹಾಕಿಕೋ' ಅಂದರು ಇಂಗ್ಲಿಷಿನಲ್ಲಿ. ಅಲ್ಲಿಂದ ಮುಂದೆ ದಿನಾ ಬರುತ್ತಿದ್ದರು. ಗಂಟೆಗಟ್ಟಲೆ ಕೂತಿದ್ದರೂ ಮಾತು ಕಡಿಮೆ. ಅವರಿಗೂ ರೂಢಿ ತಪ್ಪಿಹೋಗಿತ್ತು ಅನ್ನಿಸುತ್ತದೆ.

ನಾಮಕರಣ ವಿಡಿಯೋ ಕಾಲ್‌ನಲ್ಲೇ ಅಂತ ತೀರ್ಮಾನವಾಯಿತು. ನಮ್ಮಲ್ಲಿ ಮಗುವಿಗೆ ಒಂದೇ ಹೆಸರು ಇಟ್ಟು ಬಿಡುವವರಲ್ಲ. ನಕ್ಷತ್ರದ್ದೊಂದು, ಮಾಸದ್ದೊಂದು, ಮನೆದೇವರದ್ದೊಂದು, ಕೊನೆಗೆ ಕರೆಯುವುದಕ್ಕೊಂದು. ಆ ಕರೆಯುವ ಹೆಸರನ್ನು ಮೈಸೂರಿನ ಅತ್ತೆ ಆಗಲೇ ಆರಿಸಿದ್ದರು, ಅವರ ತಾಯಿಯದ್ದು. ಫ್ಯಾಮಿಲಿ ಗ್ರೂಪಿನಲ್ಲಿ ಮತದಾನ ನಡೆದು, ನಾನು ಡೈಪರ್ ಬದಲಿಸಿ ಬರುವಷ್ಟರಲ್ಲಿ ಫಲಿತಾಂಶವೂ ಬಂದಿತ್ತು.

ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳಬೇಕಾದವಳು ಸೋದರತ್ತೆ. ನನ್ನ ಗಂಡನಿಗೆ ಅಕ್ಕತಂಗಿಯರಿಲ್ಲ. ಪಕ್ಕದ ಆಂಟಿಯನ್ನೇ ಕೂರಿಸೋಣ ಅಂದೆ.

'ಹಾಗಾದ್ರೆ ಅವ್ರೂ ಒಂದು ವೇಲ್ಸ್ ಹೆಸರು ಇಡ್ಲಿ ಬಿಡು, ಖುಷಿಪಡ್ತಾರೆ,' ಅಂದ ಗಂಡ. 'ನಾಲ್ಕರ ಜೊತೆ ಐದನೇದು. ಯಾರು ಕರೀತಾರೆ?'

ಆಂಟಿ ಅದನ್ನು ಇಷ್ಟೊಂದು ಮನಸ್ಸಿಗೆ ತಗೊಳ್ಳುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಮರುದಿನ ಮಗುವನ್ನು ಎತ್ತಿಕೊಂಡು ಸೀದಾ ನನ್ನ ಬಾಲ್ಕನಿಗೆ ನಡೆದರು. ಹೆಸರನ್ನು ಕೂಗಿ ನೋಡಿ ಆರಿಸಬೇಕಂತೆ. ಅವರ ತಾಯಿ ಹಿತ್ತಿಲ ಬಾಗಿಲಲ್ಲಿ ನಿಂತು ಮಕ್ಕಳನ್ನು ಊಟಕ್ಕೆ ಕೂಗುತ್ತಿದ್ದರಂತೆ, ಗುಡ್ಡದ ಆಚೆಗೂ ಕೇಳುತ್ತಿತ್ತಂತೆ. 'ಸೆರೆನ್!' ಅಂತ ಕೂಗಿದರು. ನಕ್ಷತ್ರ ಅಂತ ಅರ್ಥ. 'ಕ್ಯಾರಿಸ್!' ಅಂದರು. ಅದು ಪ್ರೀತಿ. ಪಿಸುಗುಟ್ಟಿದರೂ ತಪ್ಪೆನ್ನುವ ಆ ಬೀದಿಯಲ್ಲಿ, ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದವರೊಬ್ಬರು ಗಾಬರಿಯಾಗಿ ಕತ್ತೆತ್ತಿದರು. ನಾನು ಮೇಲಿಂದಲೇ 'ಸುಮಿಮಾಸೆನ್' ಅಂತ ಕ್ಷಮೆ ಕೇಳಿ ಬಗ್ಗಿದೆ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದೆ.

'ಇನ್ನೊಂದಿದೆ. ಇದನ್ನು ನೀನೇ ಕೂಗು, ನಾನು ಕೂಗಿದರೆ ಸರಿಹೋಗಲ್ಲ,' ಅಂದರು. ಐರ್ಲಿಸ್. ಚಳಿ ಮುಗಿಯುವ ಮೊದಲೇ ಹಿಮದ ನಡುವೆ ತಲೆಯೆತ್ತುವ ಒಂದು ಪುಟ್ಟ ಬಿಳಿ ಹೂವಂತೆ. ಅವರು ಆ ಕಡೆ ತಿರುಗಿ ಮಗುವಿನ ಟೋಪಿ ಸರಿಮಾಡುತ್ತಿದ್ದರು. ನಾನು ಮನೆಗಳಾಚೆ ಕಾಣುವ ನದಿಯ ಕಡೆ ಮುಖ ಮಾಡಿ, ಇದ್ದಷ್ಟು ದನಿ ತೆಗೆದು 'ಐರ್ಲಿಸ್!' ಅಂದೆ.

ಆಂಟಿ ಸರಕ್ಕನೆ ತಿರುಗಿದರು. ತಿರುಗಿದ್ದಕ್ಕೆ ಅವರಿಗೇ ನಾಚಿಕೆಯಾಯಿತು.

'ನಿಮ್ಮ ಹೆಸರಾ?'

'ಹೌದು. ನನ್ನವರು ಹೋದ ಮೇಲೆ ಯಾರೂ ಕರೆದಿಲ್ಲ. ಇಲ್ಲಿಯವರಿಗೆಲ್ಲ ನಾನು ಅವರ ಮನೆತನದ ಸಾನ್. ನಿನಗೆ ಆಂಟಿ.'

ಹಿರಿಯರನ್ನು ಹೆಸರು ಹಿಡಿದು ಕರೆಯುವುದು ಉದ್ಧಟತನ ಅಂತ ಬೆಳೆದವಳು ನಾನು. ಗೌರವ ಅಂದುಕೊಂಡು ಇಷ್ಟು ದಿನ ಅವರ ಹೆಸರನ್ನೂ ಕೇಳಿರಲಿಲ್ಲ. ಈಗ ಗೊತ್ತಾದ ಮೇಲೂ ಅವರನ್ನು ಹಾಗೆ ಕರೆಯಲು ನಾಲಿಗೆ ಹೊರಳುವುದಿಲ್ಲ. ಆದರೆ ಮಗಳನ್ನು ಕರೆಯಬಹುದಲ್ಲ. ಯಾರೂ ಕರೆಯದ ಐದನೇ ಹೆಸರಾಗಿ ಇದನ್ನು ಮೂಲೆಗೆ ಹಾಕಲು ಮನಸ್ಸು ಒಪ್ಪಲಿಲ್ಲ. ಕರೆಯುವ ಹೆಸರು ಇದೇ ಅಂತ ರಾತ್ರಿ ಗಂಡನಿಗೆ ಹೇಳಿದೆ.

'ಅಮ್ಮ ಬೇಜಾರು ಮಾಡ್ಕೋತಾರೆ ಕಣೇ,' ಅಂದ ಗಂಡ.

'ಮಾಡ್ಕೊಳ್ಳಲಿ. ಹಗಲೆಲ್ಲ ಮಗೂನ ಕರೆಯೋಳು ನಾನು. ಗ್ರೂಪಲ್ಲಿ ವೋಟ್ ಹಾಕಿದೋರು ಬಂದು ನಾಲ್ಕು ದಿನ ಡೈಪರ್ ಬದಲಾಯಿಸ್ಲಿ, ಆಮೇಲೆ ಮಾತಾಡೋಣ.'

ನಾಮಕರಣದ ದಿನ ಆಂಟಿ ನನ್ನದೊಂದು ರೇಷ್ಮೆ ಶಾಲು ಹೊದ್ದು ಕೂತರು. ಮೊದಲು ನಮ್ಮ ಹೆಸರುಗಳನ್ನು ನಾನು ಹೇಳಿಕೊಟ್ಟಂತೆ ಹೇಳಿದರು. ಆಮೇಲೆ ಬಗ್ಗಿ, ತಮ್ಮ ಹೆಸರನ್ನು ಮಗುವಿನ ಕಿವಿಯಲ್ಲಿ ಉಸುರಿದರು. ಅತ್ತೆ ಮೈಸೂರಿನಿಂದ 'ಏನಂದ್ರು? ಏನಂದ್ರು?' ಅಂತ ಕೇಳುತ್ತಲೇ ಇದ್ದರು. ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಸೇರಿ ಗುದ್ದುವುದು ನಮ್ಮ ಕಡೆಯ ಪದ್ಧತಿ. ಇಲ್ಲಿ ಗುದ್ದಲಿಕ್ಕೆ ಇದ್ದವಳು ನಾನೊಬ್ಬಳೇ. ಇನ್ನೊಂದು ಫೋನಿನಲ್ಲಿ ಅಮ್ಮ, 'ಜೋರ್ ಗುದ್ದವಾ, ಇಲ್ಲಾಂದ್ರ ಹೆಸರು ನಿಂದ್ರೂದಿಲ್ಲ' ಅಂತ ಕೂಗುತ್ತಿದ್ದಳು. ಗುದ್ದಿದೆ. ಬೆನ್ನು ಬರೀ ಮೂಳೆ. ನಗುತ್ತಿದ್ದವರು ನನ್ನ ಕೈ ಹಿಡಿದುಕೊಂಡು, 'ನಿನ್ನ ಹೆಸರೇನು? ನಾನೂ ಕೇಳಲೇ ಇಲ್ಲ ನೋಡು,' ಅಂದರು. ಹೇಳಿದೆ. ತುಟಿಯಲ್ಲೇ ಒಂದೆರಡು ಸಲ ಅಂದು ನೋಡಿಕೊಂಡರು.

ಅತ್ತೆ ಇವತ್ತಿಗೂ ಮಗುವನ್ನು ತಮ್ಮ ತಾಯಿಯ ಹೆಸರಿನಿಂದಲೇ ಕರೆಯುತ್ತಾರೆ, ಕರೆಯಲಿ. ನಾನು ದಿನಾ ಬಾಲ್ಕನಿಯ ಬಾಗಿಲು ತೆಗೆದು, ಬೇಕಾದ್ದಕ್ಕಿಂತ ಜೋರಾಗಿ 'ಐರ್ಲಿಸ್' ಅಂತ ಮಗಳನ್ನು ಕರೆಯತೊಡಗಿದೆ. ಅವಳಿನ್ನೂ ಓಗೊಡುವಷ್ಟು ದೊಡ್ಡವಳಾಗಿರಲಿಲ್ಲ. ಹಲಗೆಯ ಆಚೆ ಮಾತ್ರ ಕುರ್ಚಿ ಸರಿದ ಸದ್ದು ಕೇಳುತ್ತಿತ್ತು.

ಒಂದು ಬೆಳಿಗ್ಗೆ, ಗಂಡ ಆಗಷ್ಟೇ ಆಫೀಸಿಗೆ ಹೋಗಿದ್ದ. ಮಗಳು ಮಲಗಿದ್ದಳು. ನಾನು ಒದ್ದೆ ಬಟ್ಟೆ ಹಿಡಿದು ಬಾಲ್ಕನಿಯಲ್ಲಿ ಸುಮ್ಮನೆ ನಿಂತಿದ್ದೆ. ಹಲಗೆಯ ಆಚೆಯಿಂದ ಆಂಟಿ ನನ್ನ ಹೆಸರು ಹಿಡಿದು ಕೂಗಿದರು. ಗುಡ್ಡದ ಆಚೆಗೂ ಕೇಳುವ ಹಾಗೆ, ಉದ್ದಕ್ಕೆ.

'ಓ' ಅಂದೆ. ಎಷ್ಟು ದಿನವಾಗಿತ್ತೋ ಹಾಗೆ ಅಂದು. ಏನು ಬೇಕಿತ್ತು ಅಂತ ಕೇಳಿದೆ.

'ಏನಿಲ್ಲ, ಸುಮ್ಮನೆ ಕರೆದೆ,' ಅಂದರು.

ಬಟ್ಟೆಯಲ್ಲೇ ಕಣ್ಣೊರೆಸಿಕೊಂಡು, ಇನ್ನೊಂದು ಸಲ ಕರೆಯಿರಿ ಅಂದೆ.