ಹೆಣ್ಣಿಲಿಗಳು ಮತ್ತು ತಾರ್ನಾಕದ ಕೋಣೆ

ಹೈದರಾಬಾದಿನ ಪ್ರಯೋಗಾಲಯದಲ್ಲಿ ನನಗೆ ಸಿಕ್ಕ ಮೊದಲ ಕೆಲಸವೆಂದರೆ, ಇಲಿಗಳ ಸಮಾಗಮ ನೋಡುತ್ತ ಕೂತು ಅದರ ಹೊತ್ತನ್ನು ವಹಿಯಲ್ಲಿ ಬರೆಯುವುದು. ಗದಗಿನ ನಮ್ಮ ಮನೆಯಲ್ಲಿ ಇಲಿ ಎಂದರೆ ಬೋನು ಮತ್ತು ಒಂದು ಚೂರು ಕೊಬ್ಬರಿ. ಇಲ್ಲಿ ಅವಕ್ಕೆ ಎ.ಸಿ., ನನಗೆ ಕಿರುಗುಟ್ಟುವ ಫ್ಯಾನು.

ಆ ಫ್ಯಾನಿನ ಕೋಣೆಯೂ ಸುಲಭಕ್ಕೆ ಸಿಕ್ಕಿದ್ದಲ್ಲ. ಊರಿಗೆ ಊರೇ ಕಂಪ್ಯೂಟರಿನ ಗುಂಗಿನಲ್ಲಿತ್ತು. ತಾರ್ನಾಕ ಬಡಾವಣೆಯಲ್ಲಿ ಯಾರ ಬಾಗಿಲು ತಟ್ಟಿದರೂ 'ಸಾಫ್ಟ್‌ವೇರಾ ಅಮ್ಮಾ?' ಎಂದೇ ಕೇಳುತ್ತಿದ್ದರು. ಅಲ್ಲವೆಂದರೆ ಕೋಣೆ ಇಲ್ಲ. ನಾಲ್ಕನೆಯ ಮನೆಯ ಶಾಂತಾ ಕಾಕು ಬಾಗಲಕೋಟೆಯವರು, ಮದುವೆಯಾಗಿ ಇಲ್ಲಿಗೆ ಬಂದು ಮೂವತ್ತು ವರ್ಷವಾಗಿತ್ತು. ಅವರ ಕನ್ನಡ ಕೇಳಿ ನನಗೆ ಅಳುವೇ ಬಂತು. ಅವರೂ ಅದನ್ನೇ ಕೇಳಿದಾಗ 'ಹೌದ್ರಿ, ಸಾಫ್ಟ್‌ವೇರ್' ಎಂದುಬಿಟ್ಟೆ.

ಆರು ತಿಂಗಳು ಸುಳ್ಳು ನಡೆಯಿತು. ಒಂದು ಭಾನುವಾರ ಕಾಕು ರೊಟ್ಟಿಯ ತಾಟಿನ ಜೊತೆ ತಮ್ಮನ ಮಗಳ ಬಯೋಡೇಟಾ ತಂದರು.

'ನಿಮ್ಮ ಸಾಹೇಬರಿಗೆ ಕೊಟ್ಟುಬಿಡವಾ. ಹುಡುಗಿ ಭಾಳ ಆಸೆ ಇಟಗೊಂಡಾಳ.'

ಆ ಹುಡುಗಿಯನ್ನು ಕಾಯಿಸುವಷ್ಟು ಕಲ್ಲುಮನಸ್ಸು ನನ್ನದಲ್ಲ. ಕೋಣೆ ಹೋದರೆ ಹೋಗಲಿ ಎಂದು ಬಾಯಿಬಿಟ್ಟೆ.

'ಸುಳ್ಳ ಹೇಳೀನ್ರಿ ಕಾಕು. ನಾ ಇಲಿ ಮ್ಯಾಲೆ ಸಂಶೋಧನಾ ಮಾಡಾಕತ್ತೀನಿ. ಗಂಡು-ಹೆಣ್ಣು ಕೂಡಿದ ಮ್ಯಾಲೆ ರಕ್ತದಾಗಿನ ಹಾರ್ಮೋನು ಹೆಂಗ ಬದಲಾಗ್ತೈತಿ ಅಂತ.'

ಕಾಕುವಿನ ಮುಖ ಬಿಗಿಯಾಯಿತು. ಬಯೋಡೇಟಾ ವಾಪಸು ತೆಗೆದುಕೊಂಡು ಬಾಗಿಲತನಕ ಹೋದರು. ನಾನು ಮನಸ್ಸಿನಲ್ಲೇ ಟ್ರಂಕು ತುಂಬತೊಡಗಿದೆ. ಅಲ್ಲಿಂದಲೇ ಕೇಳಿದರು, 'ಏನ್ ಬದಲಾಗ್ತೈತಿ?'

'ಗಂಡು ಲಗೂನ ಮೊದಲಿನಂಗ ಆಗ್ತೈತ್ರಿ. ಹೆಣ್ಣಿಗೆ ಹಂಗಲ್ಲ. ಒಂದು ಹಾರ್ಮೋನು ದಿನಕ್ಕ ಎರಡು ಸಲ ಏರ್ತೈತಿ, ಹತ್ತು ದಿನದ ಮಟ. ಬಸಿರು ನಿಲ್ಲದಿದ್ರೂ.'

ಕಾಕು ಹೊಸ್ತಿಲಲ್ಲೇ ಕೂತು ನಕ್ಕರು.

'ಇಷ್ಟ ತಿಳಿಯಾಕ ಪಾಪ ಅವುಗಳ ರಕ್ತ ಯಾಕ ತಗದ್ರಿ? ನನ್ನ ಕೇಳಬೇಕಿಲ್ಲ? ಲಗ್ನ ಆಗಿ ಇಲ್ಲಿಗೆ ಬಂದ ಮರುದಿನಾನ ನಿಮ್ಮ ಕಾಕಾ ಎಂದಿನಂಗ ಕಚೇರಿಗೆ ಹೋದ್ರು. ನಾ ಮೂವತ್ತು ವರ್ಷ ಆದ್ರೂ ಬಾಗಲಕೋಟಿಯಿಂದ ಇನ್ನೂ ಬರಾಕತ್ತೀನಿ.'

ಕೋಣೆಯ ವಿಷಯ ನಾನೇ ಎತ್ತಿದೆ.

'ಇರವಾ. ಕಾಕಾನ ಮುಂದ ಮಾತ್ರ ಸಾಫ್ಟ್‌ವೇರ್ ಅಂತನ ಹೇಳು.'

ಈಗ ನನ್ನ ಸಂಶೋಧನೆ ಮುಗಿದಿದೆ, ಕೆಲಸವೂ ಇಲ್ಲೇ ಸಿಕ್ಕಿದೆ. ಗದಗಿಗೆ ಹೋದರೆ 'ಯಾವಾಗ ಬಂದಿ?' ಎಂದು ಎಲ್ಲರೂ ಕೇಳುತ್ತಾರೆ, 'ನಿನ್ನೆ' ಎನ್ನುತ್ತೇನೆ. ಹೈದರಾಬಾದಿನಲ್ಲಿ ಯಾರಾದರೂ ಅದನ್ನೇ ಕೇಳಿದರೆ ವರ್ಷ ಲೆಕ್ಕ ಹಾಕಿ ಹೇಳುತ್ತೇನೆ. ನಿಜವಾದ ಉತ್ತರ ಕಾಕುವಿಗೆ ಮಾತ್ರ ಗೊತ್ತು.