ಎಕ್ಸ್, ಪೋಸ್ಟ್, ಸ್ಯಾಂಕ್ಷನ್

ಜಗಳೂರು ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ನಾನು ಟೀಚರಾಗಿ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಅಷ್ಟರಲ್ಲೇ ಸ್ಯಾಂಕ್ಷನ್ ಎಂಬ ಪದ ಕೇಳಿ ಕೇಳಿ ಕಿವಿ ತೂತಾಗಿತ್ತು. ಹೆಂಚಿನ ರಿಪೇರಿ ಸ್ಯಾಂಕ್ಷನ್ ಆಗಿಲ್ಲ. ಕರಿಹಲಗೆ ಸ್ಯಾಂಕ್ಷನ್ ಆಗಿದೆ, ಆದರೆ ಬಂದಿಲ್ಲ. ಸ್ಯಾಂಕ್ಷನ್ ಎಂದರೆ ಮೇಲಿನವರ ಒಪ್ಪಿಗೆ ಎಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದರೂ ಕಚೇರಿಯ ದೊಡ್ಡ ಕಾಗದಗಳು ಇಂಗ್ಲಿಷಿನಲ್ಲೇ ಬರುತ್ತಿದ್ದವು, ಅವನ್ನು ಹೆಡ್‌ಮಾಸ್ಟರೇ ಓದಿಕೊಳ್ಳುತ್ತಿದ್ದರು.

ಆ ವರ್ಷ ನಾನು ಚೊಚ್ಚಲ ಬಸುರಿ. ಎಂಟು ತಿಂಗಳು ತುಂಬುವಾಗ ಕಾಲು ಬಾತು ಚಪ್ಪಲಿ ಹಿಡಿಯದಂತಾಯಿತು. ಹೆರಿಗೆ ರಜೆಗೆ ಅರ್ಜಿ ಕೊಟ್ಟು ಮೂರು ವಾರವಾದರೂ ಉತ್ತರವಿಲ್ಲ. ಹೆಡ್‌ಮಾಸ್ಟರು ನನ್ನ ಕಾಲು ನೋಡಿ, "ಸ್ಯಾಂಕ್ಷನ್ ಕಾಯ್ಕೊಂತ ಕುಂತ್ರೆ ಇಲ್ಲೇ ಕ್ಲಾಸ್‌ನಾಗೆ ಹಡೀತೀರಿ. ನೀವು ಬಸ್ ಹತ್ರಿ, ಮುಂದಿಂದು ನಾನು ನೋಡ್ಕೊಂತೀನಿ," ಎಂದರು.

ಹತ್ತಿದೆ. ದಾವಣಗೆರೆಯಲ್ಲೊಂದು, ಹೊನ್ನಾಳಿಯಲ್ಲೊಂದು ಬಸ್ಸು ಬದಲಿಸಿ ನ್ಯಾಮತಿಯ ತವರು ಸೇರಿದೆ. ದಾರಿಯುದ್ದಕ್ಕೂ ಒಂದೇ ಅಳುಕು. ಕೆಲಸ ಇನ್ನೂ ಖಾಯಂ ಆಗಿಲ್ಲ, ಕೇಳದೆ ಹೊರಟುಬಂದಿದ್ದೇನೆ. ನಮ್ಮ ಮನೆತನದಲ್ಲಿ ಸಂಬಳದ ಕೆಲಸಕ್ಕೆ ಹೋದ ಮೊದಲ ಹೆಣ್ಣು ನಾನು. ಸಾಸ್ವೆಹಳ್ಳಿಯ ಅತ್ತೆಮನೆಯವರು ಇದೆಲ್ಲ ಯಾಕೆ ಬೇಕು ಅನ್ನುತ್ತಲೇ ಇದ್ದರು, ನಾನು ಹಟ ಹಿಡಿದು ಉಳಿಸಿಕೊಂಡಿದ್ದೆ. ಅದೊಂದು ಹೋದರೆ ನನ್ನದು ಅಂತ ಹೇಳಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ.

ಹತ್ತು ದಿನ ಕಳೆದ ಮೇಲೆ ಶಾಲೆಯಿಂದ ಲಕೋಟೆ ಬಂತು. ಒಳಗೆ ಕಚೇರಿಯ ಕಾಗದ, ಇಂಗ್ಲಿಷಿನಲ್ಲಿ ಎರಡು ಸಾಲು. ನನ್ನ ಹೆಸರು ಓದಿಕೊಂಡೆ. ಮುಂದೆ ನಾಲ್ಕು ಪದಕ್ಕೆ ಕಣ್ಣು ಅಂಟಿಕೊಂಡಿತು: ಎಕ್ಸ್ ಪೋಸ್ಟ್ ಫ್ಯಾಕ್ಟೊ ಸ್ಯಾಂಕ್ಷನ್. ಎಸೆಸೆಲ್ಸಿಯಲ್ಲಿ ಇಂಗ್ಲಿಷು ಪಾಸಾಗಿದ್ದೇ ಪುಣ್ಯ ಅನ್ನುವಂಥವಳು ನಾನು. ಆದರೂ ಬಿಡಿಸಲು ಕುಳಿತೆ. ಎಕ್ಸ್ ಎಂದರೆ ಮಾಜಿ, ಎಕ್ಸ್ ಎಮ್ಮೆಲ್ಲೆ ಅನ್ನುವುದಿಲ್ಲವೇ? ಪೋಸ್ಟ್ ಎಂದರೆ ಹುದ್ದೆ. ಫ್ಯಾಕ್ಟ್ ಎಂದರೆ ನಿಜ ಸಂಗತಿ. ಮಾಜಿ ಹುದ್ದೆ, ನಿಜ! ಅಂದರೆ ಕೆಲಸ ಹೋಯಿತು.

ಕೊನೆಯ ಪದ ಕಿವಿಗೆ ಗೊತ್ತಿದ್ದದ್ದೇ, ಅದಾದರೂ ಕೈಹಿಡಿದೀತು ಎಂದು ಟ್ರಂಕಿನಿಂದ ಹಳೆಯ ನಿಘಂಟು ತೆಗೆದೆ. ಅನುಮತಿ, ಮಂಜೂರಾತಿ ಎಂದಿತ್ತು. ಉಸಿರು ಬಿಡುವಷ್ಟರಲ್ಲಿ ಅದರ ಕೆಳಗೇ ದಂಡನೆ, ಶಿಕ್ಷೆ ಎಂದೂ ಇತ್ತು. ಇದೆಂಥ ಪದ! ಹೂಂ ಅನ್ನುವುದೂ ಅದೇ, ಬಾರಿಸುವುದೂ ಅದೇ. ನನ್ನ ಪಾಲಿಗೆ ಯಾವುದು ಎಂದು ಯೋಚಿಸಿದೆ. ಹೊರಡುವ ಮುಂಚೆ ಬಂದಿದ್ದರೆ ಅನುಮತಿ. ಹೊರಟು ಬಂದ ಮೇಲೆ ಯಾರಾದರೂ ಅನುಮತಿ ಕೊಡುತ್ತಾರೆಯೇ? ಆಮೇಲೆ ಬರುವುದು ಶಿಕ್ಷೆಯೇ.

ಅವರು ತೆಗೆದುಹಾಕಿದರು ಅನ್ನಿಸಿಕೊಳ್ಳುವ ಬದಲು ನಾನೇ ಬಿಟ್ಟೆ ಅನ್ನಿಸಿಕೊಳ್ಳೋಣ ಎಂಬ ಸೊಕ್ಕು ತಲೆಗೇರಿತು. ಅಳುತ್ತಲೇ ರಾಜೀನಾಮೆ ಬರೆದೆ, ಕಚೇರಿಯ ವಿಳಾಸ ಹಾಕಿ ಲಕೋಟೆ ಅಂಟಿಸಿದೆ. "ಅಂಚೆಯವನು ಬಂದ್ರೆ ಕೊಡವ್ವ, ಅಪ್ಪನಿಗೆ ಹೇಳಬ್ಯಾಡ," ಎಂದು ಅವ್ವನ ಕೈಗಿತ್ತೆ. ಅವ್ವನಿಗೆ ಓದು ಬರುತ್ತಿರಲಿಲ್ಲ. ಏನು ಎತ್ತ ಎಂದು ಕೇಳಲಿಲ್ಲ, ತೆಗೆದುಕೊಂಡು ಹೋದಳು.

ಎರಡು ದಿನ ನನ್ನ ತಟ್ಟೆಯ ರೊಟ್ಟಿ ಹಾಗೇ ಉಳಿಯಿತು. ಮೂರನೆಯ ದಿನ ಬೆಳಿಗ್ಗೆ ಅವ್ವ, ನನಗೆ ಹೇಳದೆಯೇ, ಹಿಂದಿನ ಬೀದಿಯ ಶಿರಸ್ತೇದಾರರನ್ನು ಕರೆತಂದಳು. ಚನ್ನಗಿರಿ ತಾಲೂಕು ಕಚೇರಿಯಲ್ಲಿ ನಿವೃತ್ತರಾಗಿ ಬಂದಿದ್ದ ಹಿರಿಯರು. ಕನ್ನಡಕ ಏರಿಸಿ ಕಾಗದ ಓದಿದರು. ನನ್ನ ಮಾಜಿ ಹುದ್ದೆಯ ಅರ್ಥವನ್ನೂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಕ್ಕರು ನೋಡಿ, ಕೆಮ್ಮು ಬರುವ ತನಕ ನಕ್ಕರು.

"ಇದು ಇಂಗ್ಲಿಷೇ ಅಲ್ಲ ಕಣಮ್ಮ, ಲ್ಯಾಟಿನ್ನು. ಕೆಲ್ಸ ಆಗಿಹೋದ ಮ್ಯಾಲೆ ಅಂತ ಅರ್ಥ. ಕನ್ನಡದಾಗೆ ಘಟನೋತ್ತರ ಮಂಜೂರಾತಿ ಅಂತೀವಿ. ನೀನು ಕೇಳ್ದೆ ಹೋಗಿದ್ದೀಯ, ಹೋಗ್ಲಿ, ನಾವು ಒಪ್ಪಿದೀವಿ ಅಂತ ಬರೆದಾರೆ."

"ಮತ್ತೆ ದಂಡನೆ ಅಂತ ಐತಲ್ರೀ?"

"ಅದು ದೇಶ ದೇಶ ಜಗಳ ಆಡುವಾಗ. ನಿನ್ನ ಹೆರಿಗೆಗಲ್ಲ!"

ಹೊಟ್ಟೆಯೊಳಗಿನ ಕೂಸೂ ಹಗುರಾದಂತೆ ಅನ್ನಿಸಿತು. ಆದರೆ ಆ ನೆಮ್ಮದಿ ಒಂದು ಗಳಿಗೆಯೂ ನಿಲ್ಲಲಿಲ್ಲ. ರಾಜೀನಾಮೆ! ಯಾರೂ ಕಿತ್ತುಕೊಳ್ಳದ ಕೆಲಸವನ್ನು ನಾನೇ ಅಂಚೆಗೆ ಹಾಕಿಸಿದ್ದೆ. "ಅವ್ವ, ಆ ಕಾಗದ... ಅಂಚೆಯವನಿಗೆ ಕೊಟ್ಟೆಯಾ?"

ಅವ್ವ ಒಳಗೆ ಹೋದಳು. ಸೀರೆಗಳ ಮಡಿಕೆಯ ನಡುವಿನಿಂದ ಲಕೋಟೆ ತಂದು ನನ್ನ ಮುಂದೆ ಹಿಡಿದಳು.

"ಕೊಡ್ಲಿಲ್ಲ ಕಣವ್ವ. ಅದ್ರಾಗೆ ಏನೈತೋ ನಂಗೇನು ಗೊತ್ತು. ನೀನು ಅತ್ಕೊಂತ ಬರೆದಿದ್ದೆ. ಅತ್ಕೊಂತ ಬರೆದಿದ್ದು ಮನೆ ಬಿಟ್ಟು ಹೋಗಾದು ಬ್ಯಾಡ ಅನ್ನಿಸ್ತು. ನಿನ್ನ ಕೇಳ್ದಂಗೆ ಇಟ್ಕಂಡೆ, ಬೇಕಾದ್ರೆ ಬೈ."

ಬೈಯುವುದೆಲ್ಲಿ ಬಂತು. ಅವ್ವನ ಕೈ ಹಿಡಿದುಕೊಂಡು, "ಇಟ್ಕಂಡಿದ್ದು ಒಳ್ಳೇದಾತು ಬಿಡವ್ವ," ಎಂದೆ.

ಶಿರಸ್ತೇದಾರರು ಕನ್ನಡಕ ತೆಗೆದು ಜೇಬಿಗಿಟ್ಟರು. "ಈಗ ನಿಮ್ಮವ್ವನಿಗೆ ಒಪ್ಪಿಗೆ ಕೊಟ್ಟೆಯಲ್ಲ ತಾಯಿ, ಅದೇ ನೋಡು ಎಕ್ಸ್ ಪೋಸ್ಟ್ ಫ್ಯಾಕ್ಟೊ ಸ್ಯಾಂಕ್ಷನ್ನು."

ನನಗೆ ನಗು ಬಂತು, ಅದರ ಹಿಂದೆಯೇ ಅಳು. ಅವ್ವ ಲಕೋಟೆ ಹಿಡಿದು ಒಲೆಯ ಕಡೆ ಹೊರಟವಳು ಬಾಗಿಲಲ್ಲಿ ನಿಂತು, ಈ ಸಲ ಮಾತ್ರ, "ಹಾಕ್ಲಾ?" ಎಂದು ಕೇಳಿದಳು. ಹಾಕವ್ವ ಎಂದೆ.